ಟ್ಯಾಬೋ, ಸ್ಲೇಟೋ? ಆರು ವರ್ಷದೊಳಗಿನ ಮಕ್ಕಳಿಗೆ ಏನು ಕೊಡಬೇಕು, ಯಾವುದನ್ನು ಬಿಡಬೇಕು

ನನ್ನ ಮಗಳಿಗೆ ನಾಲ್ಕು ತುಂಬುವ ಹೊತ್ತಿಗೆ ಟ್ಯಾಬಿನಲ್ಲಿ ‘ಅ’ದಿಂದ ‘ಅಃ’ವರೆಗೆ ತಪ್ಪಿಲ್ಲದೆ ತಿದ್ದುತ್ತಿದ್ದಳು. ಚುಕ್ಕಿಗಳ ಮೇಲೆ ಬೆರಳು ಎಳೆದರೆ ಸಾಕು, ಆನೆಯೊಂದು ಬಂದು ಕುಣಿದು ಮೂರು ನಕ್ಷತ್ರ ಕೊಡುತ್ತಿತ್ತು. ನಾನೂ ಬೀಗಿದ್ದೆ. ವಿಡಿಯೊ ಮಾಡಿ ಫ್ಯಾಮಿಲಿ ಗ್ರೂಪಿಗೂ ಹಾಕಿದ್ದೆ.

ದಸರಾ ರಜೆಗೆ ಸಾಗರಕ್ಕೆ ಹೋದಾಗ ಅಮ್ಮ ಅಟ್ಟದಿಂದ ಹಳೇ ಸ್ಲೇಟು ಇಳಿಸಿದಳು. ಬಳಪ ಕೊಟ್ಟು, “ಎಲ್ಲಿ, ಅ ಬರಿ ಪುಟ್ಟಿ” ಅಂದಳು. ಮಗಳು ಬಳಪವನ್ನು ಮುಷ್ಟಿಯಲ್ಲಿ ಹಿಡಿದಳು. ಸ್ಲೇಟಿನ ಮೇಲೆ ಚುಕ್ಕಿ ಹುಡುಕಿದಳು. ಇಲ್ಲ. ನನ್ನ ಮುಖ ನೋಡಿದಳು. ಆಮೇಲೆ ಒಂದು ಸೊನ್ನೆ ಬರೆದು, ಅದಕ್ಕೊಂದು ಬಾಲ ಎಳೆದು, ಆನೆ ಕುಣಿಯಲಿ ಅಂತ ಕಾದಳು.

ಅವತ್ತು ನಕ್ಕೆವು. ಆದರೆ ಮೈಸೂರಿಗೆ ವಾಪಸ್ ಬರುವಾಗ ರೈಲಿನಲ್ಲಿ ಅದೇ ತಲೆಯಲ್ಲಿ ಕೊರೆಯುತ್ತಿತ್ತು. ಎಂಟು ತಿಂಗಳಲ್ಲಿ ಇವಳು ಕಲಿತದ್ದು ಅಕ್ಷರವನ್ನೋ, ಆ್ಯಪನ್ನೋ?

ಅಲ್ಲಿಂದ ಮುಂದೆ ಎರಡು ವರ್ಷ ಒಂದೊಂದನ್ನೇ ಇಟ್ಟು ನೋಡಿದ್ದೇನೆ. ಆ್ಯಪ್, ಮಾತಾಡುವ ಪೆನ್ನು, ಇ-ಪುಸ್ತಕ, ಟೀವಿ, ಆಡಿಯೊ ಎಲ್ಲ. ಸಿಕ್ಕ ಅಧ್ಯಯನಗಳನ್ನೂ ಓದಿದ್ದೇನೆ. ಈಗ ಯಾರಾದರೂ “ಯಾವ ಆ್ಯಪ್ ಹಾಕ್ಲಿ?” ಅಂತ ಕೇಳಿದರೆ ನಾನು ವಾಪಸ್ ಒಂದೇ ಪ್ರಶ್ನೆ ಕೇಳುತ್ತೇನೆ. ಅದು ಆನ್ ಆದಾಗ ಮಗುವಿನ ಜೊತೆ ಮನೆಯವರ ಮಾತು ಜಾಸ್ತಿ ಆಗುತ್ತದೋ, ನಿಂತುಹೋಗುತ್ತದೋ? ಕೆಳಗಿನ ಹೋಲಿಕೆಗಳೆಲ್ಲ ಇದೇ ಅಳತೆಗೋಲಿನಲ್ಲಿ ಅಳೆದವು. ನಿಮ್ಮ ಅಳತೆ ಬೇರೆ ಇದ್ದರೆ ಉತ್ತರವೂ ಬೇರೆ ಬರಬಹುದು.

ಎರಡು ವರ್ಷದೊಳಗೆ ಹೋಲಿಕೆಯೇ ಬೇಡ

ಇಲ್ಲಿ ಆಯ್ಕೆ ಸುಲಭ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಕೊಟ್ಟ ಸಲಹೆ ಪ್ರಕಾರ ಒಂದು ವರ್ಷದೊಳಗಿನ ಮಗುವಿಗೆ ಪರದೆ ಬೇಡವೇ ಬೇಡ. ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಹೆಚ್ಚೆಂದರೆ 1 ಗಂಟೆ, ಅದಕ್ಕಿಂತ ಕಡಿಮೆ ಆದರೆ ಇನ್ನೂ ಒಳ್ಳೆಯದು. ನಮ್ಮ ದೇಶದ ಮಕ್ಕಳ ವೈದ್ಯರ ಸಂಘ, ಅಂದರೆ ಇಂಡಿಯನ್ ಅಕಾಡೆಮಿ ಆಫ್ ಪೀಡಿಯಾಟ್ರಿಕ್ಸ್, 2021ರ ಮಾರ್ಗಸೂಚಿಯಲ್ಲಿ ಹೆಚ್ಚುಕಡಿಮೆ ಇದನ್ನೇ ಹೇಳಿದೆ. ಎರಡು ವರ್ಷದವರೆಗೆ ಬೇಡ, ನೆಂಟರ ಜೊತೆ ಅಪರೂಪದ ವಿಡಿಯೊ ಕಾಲ್ ಬಿಟ್ಟು.

“ಆದರೆ ಇದು ಕಲಿಕೆಯ ವಿಡಿಯೊ ಅಲ್ವಾ?” ಅಂತ ನಾನೂ ಕೇಳಿದ್ದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದವರು 2010ರಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಒಂದರಿಂದ ಒಂದೂವರೆ ವರ್ಷದ ಮಕ್ಕಳು. ಕೆಲವು ಮನೆಗಳಿಗೆ ಪದ ಕಲಿಸುವ ಡಿವಿಡಿ ಕೊಟ್ಟು ನಾಲ್ಕು ವಾರ ತೋರಿಸಿ ಎಂದರು. ಇನ್ನು ಕೆಲವು ಮನೆಗಳಿಗೆ ಡಿವಿಡಿ ಇಲ್ಲ, ಅದೇ ಪದಗಳ ಪಟ್ಟಿ ಮಾತ್ರ. ದಿನದ ಕೆಲಸದ ನಡುವೆ ನಿಮಗೆ ತೋಚಿದ ಹಾಗೆ ಕಲಿಸಿ ಎಂದರು. ಡಿವಿಡಿ ನೋಡಿದ ಮಕ್ಕಳು ಏನೂ ನೋಡದ ಮಕ್ಕಳಿಗಿಂತ ಹೆಚ್ಚು ಪದ ಕಲಿತಿರಲಿಲ್ಲ. ಅಪ್ಪ ಅಮ್ಮ ಬಾಯಲ್ಲೇ ಹೇಳಿಕೊಟ್ಟ ಮಕ್ಕಳು ಎಲ್ಲರಿಗಿಂತ ಮುಂದಿದ್ದರು. ನನಗೆ ಚುಚ್ಚಿದ್ದು ಇನ್ನೊಂದು ಮಾತು. ಡಿವಿಡಿ ಯಾರಿಗೆ ತುಂಬ ಇಷ್ಟವಾಗಿತ್ತೋ ಆ ಪೋಷಕರೇ ತಮ್ಮ ಮಗು ಬಹಳ ಕಲಿತಿದೆ ಅಂತ ನಂಬಿದ್ದರು. ಫ್ಯಾಮಿಲಿ ಗ್ರೂಪಿಗೆ ಹಾಕಿದ ನನ್ನ ವಿಡಿಯೊ ನೆನಪಾಯಿತು.

ಶಿಶುಗಳಿಗೆಂದೇ ಮಾಡಿದ ‘ಬೇಬಿ ಐನ್‌ಸ್ಟೈನ್’ ಡಿವಿಡಿಗಳು ಒಂದು ಕಾಲದಲ್ಲಿ ಅಮೆರಿಕದಲ್ಲಿ ಮನೆಮನೆಯಲ್ಲಿದ್ದವು. 2009ರಲ್ಲಿ ಡಿಸ್ನಿ ಕಂಪನಿ ಅವನ್ನು ಕೊಂಡವರಿಗೆ ದುಡ್ಡು ವಾಪಸ್ ಕೊಡಲು ಮುಂದಾಯಿತು.

ಅಜ್ಜಿಯ ವಿಡಿಯೊ ಕಾಲ್ ಬೇರೆ, ರೈಮ್ಸ್ ವಿಡಿಯೊ ಬೇರೆ

ಎರಡೂ ಅದೇ ಫೋನಿನಲ್ಲಿ ಬರುತ್ತವೆ, ಎರಡೂ ಪರದೆಯೇ. ಹಾಗಾದರೆ ವೈದ್ಯರು ಒಂದಕ್ಕೆ ಯಾಕೆ ರಿಯಾಯಿತಿ ಕೊಟ್ಟರು?

2014ರ ಒಂದು ಪ್ರಯೋಗದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳಿಗೆ ಹೊಸ ಕ್ರಿಯಾಪದಗಳನ್ನು ಕಲಿಸಿದರು. ಒಂದು ಗುಂಪಿಗೆ ಎದುರು ಕೂತು, ಇನ್ನೊಂದಕ್ಕೆ ವಿಡಿಯೊ ಕಾಲ್‌ನಲ್ಲಿ, ಮೂರನೆಯದಕ್ಕೆ ಮೊದಲೇ ತೆಗೆದಿಟ್ಟ ವಿಡಿಯೊದಲ್ಲಿ. ಮೊದಲ ಎರಡು ಗುಂಪು ಕಲಿತವು, ಮೂರನೆಯದು ಕಲಿಯಲಿಲ್ಲ. ವಿಡಿಯೊ ಕಾಲ್‌ನಲ್ಲಿ ಇರುವವರು ಮಗು ನಕ್ಕರೆ ನಗುತ್ತಾರೆ, ಎದ್ದು ಓಡಿದರೆ “ಎಲ್ಲಿಗೆ ಹೋದ್ಯೋ?” ಅಂತ ಕರೆಯುತ್ತಾರೆ. ರೆಕಾರ್ಡ್ ಆದವರು ಮಗು ಕೋಣೆಯಲ್ಲಿ ಇಲ್ಲದಿದ್ದರೂ ಹಲ್ಲು ಕಿಸಿಯುತ್ತಲೇ ಇರುತ್ತಾರೆ.

ಭಾಷೆಯ ವಿಷಯದಲ್ಲಿ ಇದು ಇನ್ನೂ ಮುಖ್ಯ. ಅಮೆರಿಕದ ಸಿಯಾಟಲ್‌ನಲ್ಲಿ 2003ರಲ್ಲಿ ಪೆಟ್ರೀಷಿಯಾ ಕುಲ್ ಮತ್ತು ಜೊತೆಗಾರರು ಒಂಬತ್ತು ತಿಂಗಳ ಶಿಶುಗಳಿಗೆ ಚೀನಾದ ಮ್ಯಾಂಡರಿನ್ ಭಾಷೆ ಕೇಳಿಸಿದರು. ಒಟ್ಟು 12 ಸಲ. ಎದುರಿಗೆ ಕೂತು ಆಟ ಆಡಿಸುತ್ತಾ ಮಾತಾಡಿದಾಗ ಶಿಶುಗಳು ಆ ಭಾಷೆಯ ಸದ್ದುಗಳ ವ್ಯತ್ಯಾಸ ಹಿಡಿದವು. ಅದೇ ಜನ, ಅದೇ ಮಾತು ಡಿವಿಡಿಯಲ್ಲಿ ಬಂದಾಗ ಏನೂ ಹತ್ತಲಿಲ್ಲ. ಹೊರದೇಶದಲ್ಲಿರುವ ನನ್ನ ತಮ್ಮ “ಕನ್ನಡ ಮರೀಬಾರದು ಅಂತ ಮಗನಿಗೆ ದಿನಾ ಕನ್ನಡ ರೈಮ್ಸ್ ಹಾಕ್ತೀನಿ” ಎಂದಾಗ ಇದನ್ನು ಹೇಳಿದೆ. ಈಗ ಅವನು ಬೆಳಗ್ಗೆ ತಿಂಡಿ ಹೊತ್ತಿಗೆ ಅಮ್ಮನಿಗೆ ಕಾಲ್ ಮಾಡಿ ಫೋನನ್ನು ಮೇಜಿನ ಮೇಲೆ ಒರಗಿಸಿಡುತ್ತಾನೆ. ಇಲ್ಲಿ ಅಮ್ಮನಿಗೆ ಸಂಜೆ, ದೀಪ ಹಚ್ಚುವ ಹೊತ್ತು. ಅವಳು ಬತ್ತಿ ಹೊಸೆಯುತ್ತಾ “ಏನು ತಿಂತಿದೀಯ ರಾಜ?” ಅನ್ನುತ್ತಾಳೆ. ಮೊಮ್ಮಗ ಇಂಗ್ಲಿಷಿನಲ್ಲಿ ಹೇಳಿದರೆ, “ನಂಗೆ ಅರ್ಥ ಆಗ್ಲಿಲ್ಲ” ಅನ್ನುತ್ತಾಳೆ. ನಿಜವಾಗಿಯೂ ಅವಳಿಗೆ ಅರ್ಥ ಆಗುವುದಿಲ್ಲ. ಯಾವ ಆ್ಯಪಿಗೂ ಈ ಯೋಗ್ಯತೆ ಇಲ್ಲ.

ಅಕ್ಷರ ಕಲಿಕೆ: ತಿದ್ದುವ ಆ್ಯಪ್ ಮತ್ತು ಬಳಪ

ನನ್ನ ಮಗಳ ಸೊನ್ನೆಗೆ ವಾಪಸ್ ಬರೋಣ.

ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಕ್ಯಾರಿನ್ ಜೇಮ್ಸ್ ಎಂಬ ಸಂಶೋಧಕಿ ಇದ್ದಾರೆ. 2012ರಲ್ಲಿ ಅವರು ಇನ್ನೂ ಓದಲು ಬಾರದ, ಐದು ವರ್ಷದ ಆಸುಪಾಸಿನ ಮಕ್ಕಳಿಗೆ ಅಕ್ಷರಗಳನ್ನು ಮೂರು ಥರ ಅಭ್ಯಾಸ ಮಾಡಿಸಿದರು. ಕೆಲವನ್ನು ಕೈಯಾರೆ ಬರೆಯುವುದು, ಕೆಲವನ್ನು ಚುಕ್ಕಿ ಮೇಲೆ ತಿದ್ದುವುದು, ಕೆಲವನ್ನು ಕೀಲಿಮಣೆಯಲ್ಲಿ ಒತ್ತುವುದು. ಆಮೇಲೆ ಆ ಅಕ್ಷರಗಳನ್ನು ತೋರಿಸಿ ಮೆದುಳಿನ ಸ್ಕ್ಯಾನ್ ಮಾಡಿದರು. ಓದುವಾಗ ಕೆಲಸ ಮಾಡುವ ಮೆದುಳಿನ ಭಾಗಗಳು ಚುರುಕಾದದ್ದು ಕೈಯಾರೆ ಬರೆದ ಅಕ್ಷರಗಳಿಗೆ. ಒತ್ತಿದ್ದಕ್ಕೂ ಇಲ್ಲ, ತಿದ್ದಿದ್ದಕ್ಕೂ ಇಲ್ಲ.

ಕೈಯಾರೆ ಬರೆಯುವ ಮಗುವಿನ ‘ಅ’ ಒಂದೊಂದು ಸಲ ಒಂದೊಂದು ಥರ ಇರುತ್ತದೆ. ಒಂದು ದಪ್ಪ, ಒಂದು ಸೊಟ್ಟ, ಒಂದಕ್ಕೆ ಬಾಲ ಉದ್ದ. ಇಷ್ಟು ಥರದ ಸೊಟ್ಟಂಬಟ್ಟ ‘ಅ’ಗಳನ್ನು ನೋಡಿ ನೋಡಿಯೇ ‘ಅ’ ಅಂದರೆ ಯಾವುದು ಅಂತ ಮಗುವಿಗೆ ತಿಳಿಯುತ್ತದೆ ಅನ್ನುವುದು ಆ ಸಂಶೋಧಕರ ವಿವರಣೆ. ಆ್ಯಪು ಸೊಟ್ಟಗೆ ಬರೆಯಲು ಬಿಡುವುದೇ ಇಲ್ಲ. ಗೆರೆ ತಪ್ಪಿದರೆ ಟುಂಯ್ ಅಂತ ವಾಪಸ್ ಎಳೆಯುತ್ತದೆ. ಬೆರಳಿಗೆ ಗಾಜು ಜಾರುತ್ತದೆ, ಬಳಪ ಸ್ಲೇಟಿಗೆ ಕಚ್ಚುತ್ತದೆ. ನಮ್ಮ ಮನೆಯಲ್ಲಿ ಆ ಮೇಲೆ ತಟ್ಟೆಯಲ್ಲಿ ರವೆ ಹರಡಿ ಬೆರಳಲ್ಲಿ ಬರೆಸಿದೆವು, ಆಮೇಲೆ ಸ್ಲೇಟು, ಆಮೇಲೆ ಅಂಗಳದಲ್ಲಿ ಚಾಕ್‌ಪೀಸ್. ರವೆಗೆ ಇರುವೆ ಬಂತು. ಅದೊಂದೇ ತೊಂದರೆ.

ಇನ್ನೊಂದು ವಿಷಯ, ಯಾವ ಅಕ್ಷರ ಮೊದಲು ಅನ್ನುವುದು. ನಾನು ನೋಡಿದ ಕನ್ನಡ ಆ್ಯಪುಗಳೆಲ್ಲ ಅ ಆ ಇ ಈ ಅಂತ ಶುರುವಾಗಿ ಙ, ಞ ವರೆಗೆ ಸಾಲಾಗಿ ಹೋಗುತ್ತವೆ. ಮೂರು ವಾರ ಕಲಿತರೂ ಮಗು ಒಂದು ಪದ ಓದಲು ಆಗುವುದಿಲ್ಲ. ನಮ್ಮ ಸರ್ಕಾರಿ ಶಾಲೆಗಳ ‘ನಲಿ ಕಲಿ’ ಇದನ್ನು ಎಷ್ಟೋ ಹಿಂದೆಯೇ ಬಿಡಿಸಿತ್ತು. 1995ರಲ್ಲಿ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ ಶುರುವಾದ ಪದ್ಧತಿ ಅದು. ಅಲ್ಲಿ ಮೊದಲು ಬರುವುದು ರ, ಗ, ಸ, ದ, ಅ. ಐದು ಅಕ್ಷರ ಬಂದ ಕೂಡಲೇ ಮಗು ಸರ, ಅರಸ, ದರ, ಗರಗಸ ಓದಿಬಿಡುತ್ತದೆ. ‘ಗರಗಸ’ ಓದಿದ ದಿನ ಮಗಳು ಮನೆಯಲ್ಲಿ ಗರಗಸ ಎಲ್ಲಿದೆ ಅಂತ ಹುಡುಕಾಡಿದಳು. ಪ್ಲಂಬರ್ ಬಂದಾಗ ಅವರ ಚೀಲ ಬಿಡಿಸಿ ನೋಡಿದಳು. ಹಾಗಾಗಿ ಆ್ಯಪಿಗೆ ದುಡ್ಡು ಹಾಕುವ ಮೊದಲು ಪಕ್ಕದ ಸರ್ಕಾರಿ ಶಾಲೆಯ ಒಂದನೇ ಕ್ಲಾಸಿನ ಟೀಚರ್ ಹತ್ತಿರ ಹೋಗಿ ನಲಿ ಕಲಿ ಕಾರ್ಡುಗಳನ್ನು ಒಮ್ಮೆ ನೋಡಿ ಬನ್ನಿ. ಅವನ್ನು ಮನೆಯಲ್ಲಿ ರಟ್ಟಿನ ಮೇಲೆ ಬರೆದುಕೊಳ್ಳಬಹುದು.

ಕಥೆಪುಸ್ತಕ: ಕಾಗದ, ಪಿಡಿಎಫ್, ಕುಣಿಯುವ ಇ-ಪುಸ್ತಕ

ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದವರು 2019ರಲ್ಲಿ ಒಬ್ಬ ಪೋಷಕ, ಒಂದು ಪುಟ್ಟ ಮಗು ಹೀಗೆ 37 ಜೋಡಿಗಳನ್ನು ಕೂರಿಸಿ ಮೂರು ಥರದ ಪುಸ್ತಕ ಓದಿಸಿದರು. ಕಾಗದದ್ದು, ಸಾದಾ ಇ-ಪುಸ್ತಕ, ಮುಟ್ಟಿದರೆ ಸದ್ದು ಮಾಡುವ ಇ-ಪುಸ್ತಕ. ಕಾಗದದ ಪುಸ್ತಕ ಹಿಡಿದಾಗ ಇಬ್ಬರೂ ಹೆಚ್ಚು ಮಾತಾಡಿದರು. ಟ್ಯಾಬ್ ಹಿಡಿದಾಗ ಮಾತು ಕಡಿಮೆಯಾಯಿತು, ಆಡಿದ ಮಾತಿನಲ್ಲೂ “ಅದನ್ನ ಒತ್ತಬೇಡ”, “ಇಲ್ಲಿ ಕೊಡು” ಥರದ್ದು ಬಂತು. ಇದನ್ನು ಓದಲು ಅಮೆರಿಕಕ್ಕೆ ಹೋಗಬೇಕಾಗಿಲ್ಲ, ನಮ್ಮ ಸೋಫಾ ಮೇಲೆ ದಿನಾ ನಡೆಯುತ್ತಿತ್ತು.

ಆದರೆ ಕನ್ನಡದಲ್ಲಿ ಒಳ್ಳೆಯ ಚಿತ್ರಪುಸ್ತಕ ಎಲ್ಲ ಊರಲ್ಲೂ ಸಿಗುವುದಿಲ್ಲ, ಒಂದೊಂದೇ ಕೊಂಡರೆ ತಿಂಗಳಿಗೆ ಎಷ್ಟಾಗುತ್ತದೆ ಅನ್ನುವುದೂ ಪ್ರಶ್ನೆ. ಇಲ್ಲಿ ನಾನು ತಂತ್ರಜ್ಞಾನದ ಪರ. ಬೆಂಗಳೂರಿನ ಪ್ರಥಮ್ ಬುಕ್ಸ್ 2015ರಲ್ಲಿ ‘ಸ್ಟೋರಿವೀವರ್’ ಎಂಬ ಜಾಲತಾಣ ಶುರು ಮಾಡಿತು. ಕನ್ನಡ ಸೇರಿ ನೂರಾರು ಭಾಷೆಗಳಲ್ಲಿ ಮಕ್ಕಳ ಕಥೆಗಳಿವೆ, ಎಲ್ಲ ಉಚಿತ. ಓದುವ ಮಟ್ಟ 1ರಿಂದ 4ರವರೆಗೆ ಗುರುತು ಮಾಡಿದ್ದಾರೆ. ನಾಲ್ಕು ವರ್ಷದವರಿಗೆ ನೀವೇ ಓದಿ ಹೇಳುವುದಾದರೆ 1 ಮತ್ತು 2 ಸಾಕು. ಮುಕ್ತ ಲೈಸೆನ್ಸ್ ಇರುವುದರಿಂದ ಇಳಿಸಿಕೊಳ್ಳಬಹುದು, ಪ್ರಿಂಟ್ ಹಾಕಬಹುದು, ಹಂಚಬಹುದು, ಯಾರ ಅಪ್ಪಣೆಯೂ ಬೇಡ.

ನಾನು ಮಾಡುವುದು ಇಷ್ಟು. ರಾತ್ರಿ ಮಗಳು ಮಲಗಿದ ಮೇಲೆ ಫೋನಿನಲ್ಲಿ ನಾಲ್ಕೈದು ಕಥೆ ಓದಿ ಒಂದು ಆರಿಸುತ್ತೇನೆ. ಪಿಡಿಎಫ್ ಇಳಿಸಿ ಜೆರಾಕ್ಸ್ ಅಂಗಡಿಗೆ ಕಳಿಸಿ, ಒಂದು ಹಾಳೆಗೆ ಎರಡು ಪುಟದಂತೆ ಕಪ್ಪು ಬಿಳುಪು ಪ್ರಿಂಟ್. ನಡುವೆ ಸ್ಟೇಪ್ಲರ್ ಪಿನ್. ಬಣ್ಣ ಮಗಳೇ ಹಾಕುತ್ತಾಳೆ. ಒಂದು ಪುಸ್ತಕದಲ್ಲಿ ಎಮ್ಮೆಗೆ ನೇರಳೆ ಬಣ್ಣ ಹಾಕಿದ್ದಾಳೆ, ಯಾಕೆ ಅಂದರೆ “ಅದು ಜಾಮೂನು ತಿಂದಿದೆ” ಅಂದಳು. ನೇರಳೆ ಹಣ್ಣಿಗೆ ಹಿಂದಿಯಲ್ಲಿ ಜಾಮೂನ್ ಅನ್ನುತ್ತಾರೆ ಅಂತ ಶಾಲೆಯಲ್ಲಿ ಯಾರೋ ಹೇಳಿದ್ದರಂತೆ, ನಾನು ಗುಲಾಬ್ ಜಾಮೂನ್ ಅಂದುಕೊಂಡು ತಲೆ ಕೆರೆದುಕೊಂಡೆ.

ಪ್ರಿಂಟ್ ಹಾಕಿಸಲು ಆಗದಿದ್ದರೆ ಸ್ಕ್ರೀನಿನಲ್ಲೇ ಓದಿ, ಪರವಾಗಿಲ್ಲ. ಫೋನು ನಿಮ್ಮ ಕೈಯಲ್ಲಿರಲಿ, ಪುಟ ನೀವು ತಿರುಗಿಸಿ, ಸದ್ದು ನಿಮ್ಮ ಬಾಯಿಂದ ಬರಲಿ. ಮುಟ್ಟಿದರೆ ಕಪ್ಪೆ ಹಾರುವ ಥರದ್ದು ಬೇಡ. ಮಗು ಕಪ್ಪೆ ಹಾರಿಸುತ್ತಾ ಕೂರುತ್ತದೆ, ಕಥೆ ಅಲ್ಲೇ ನಿಂತಿರುತ್ತದೆ.

ಮಾತಾಡುವ ಆಟಿಕೆ, ಮಾತಾಡುವ ಪೆನ್ನು, ಮರದ ಬುಗುರಿ

ಹುಟ್ಟುಹಬ್ಬಕ್ಕೆ ಬರುವ ಪ್ಲಾಸ್ಟಿಕ್ ‘ಲ್ಯಾಪ್‌ಟಾಪ್’ ಗೊತ್ತಲ್ಲ? ಒತ್ತಿದರೆ ಎ ಫಾರ್ ಆ್ಯಪಲ್ ಅನ್ನುತ್ತದೆ. ಡಬ್ಬದ ಮೇಲೆ ‘ಶೈಕ್ಷಣಿಕ’ ಅಂತ ಬರೆದಿರುತ್ತದೆ. 2016ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 10ರಿಂದ 16 ತಿಂಗಳ 26 ಶಿಶುಗಳ ಮನೆಗಳಿಗೆ ಇಂಥ ಸದ್ದಿನ ಆಟಿಕೆ, ಮರದ ಪಜಲ್ ಥರದ ಸಾದಾ ಆಟಿಕೆ, ಚಿತ್ರಪುಸ್ತಕ ಮೂರನ್ನೂ ಕೊಟ್ಟು ಮನೆಯವರ ಮಾತು ರೆಕಾರ್ಡ್ ಮಾಡಿದರು. ಪುಸ್ತಕ ಇದ್ದಾಗ ಅಪ್ಪ ಅಮ್ಮ ಅತಿ ಹೆಚ್ಚು ಮಾತಾಡಿದ್ದರು, ಸದ್ದಿನ ಆಟಿಕೆ ಇದ್ದಾಗ ಅತಿ ಕಡಿಮೆ. ಆಟಿಕೆ ಮಾತಾಡುತ್ತಿದೆಯಲ್ಲ ಅಂತ ದೊಡ್ಡವರು ಸುಮ್ಮನಾಗುತ್ತಾರೆ.

ಚನ್ನಪಟ್ಟಣದ ಹಾಲೆ ಮರದ ಬುಗುರಿ, ಜೋಡಿಸುವ ಬಳೆಗಳು ತಾವಾಗಿ ಏನೂ ಹೇಳುವುದಿಲ್ಲ. ಅದಕ್ಕೇ ನೀವು ಹೇಳಬೇಕಾಗುತ್ತದೆ. ಇಲ್ಲಿ ನನಗೆ ಯಾವ ಗೊಂದಲವೂ ಇಲ್ಲ. ಸದ್ದಿನ ಆಟಿಕೆ ಉಡುಗೊರೆ ಬಂದರೆ ಬ್ಯಾಟರಿ ತೆಗೆದು ಕೊಡಿ. ನಮ್ಮಲ್ಲಿ ಆ ಲ್ಯಾಪ್‌ಟಾಪು ಈಗ ಅಂಗಡಿ ಆಟದಲ್ಲಿ ಬಿಲ್ಲಿಂಗ್ ಮೆಷೀನು.

ಮಾತಾಡುವ ಪೆನ್ನು ಸ್ವಲ್ಪ ಬೇರೆ. ಪುಟದ ಮೇಲೆ ಕಣ್ಣಿಗೆ ಕಾಣದಷ್ಟು ಸಣ್ಣ ಚುಕ್ಕಿಗಳನ್ನು ಅಚ್ಚು ಮಾಡಿರುತ್ತಾರೆ. ಪೆನ್ನಿನ ತುದಿಯ ಪುಟ್ಟ ಕ್ಯಾಮೆರಾ ಅದನ್ನು ಓದಿ ಆ ಜಾಗದ ಸದ್ದು ನುಡಿಸುತ್ತದೆ. ಪರದೆ ಇಲ್ಲ, ಪುಸ್ತಕ ಕಾಗದದ್ದೇ. ಅದು ಒಳ್ಳೆಯದು. ತೊಂದರೆ ಏನೆಂದರೆ ಆ ಪೆನ್ನು ಅದೇ ಕಂಪನಿಯ ಪುಸ್ತಕಕ್ಕೆ ಮಾತ್ರ ಮಾತಾಡುತ್ತದೆ, ಕನ್ನಡ ಪುಸ್ತಕಗಳು ಕೈಬೆರಳೆಣಿಕೆ. ಕೊಳ್ಳುವ ಮೊದಲು ಕನ್ನಡ ಪುಟ ಒಂದನ್ನು ಅಂಗಡಿಯಲ್ಲೇ ಒತ್ತಿ ಕೇಳಿ. ನಾನು ಕೇಳದೆ ಕೊಂಡೆ. ಅದು ‘ಬಾಲೆಹಣ್ಣು’ ಅಂದಿತು.

ಆ್ಯಪ್ ಆರಿಸುವುದಾದರೆ ಹತ್ತು ನಿಮಿಷದ ಪರೀಕ್ಷೆ

ಇಷ್ಟೆಲ್ಲ ಹೇಳಿದ ಮೇಲೂ ನಮ್ಮ ಮನೆಯಲ್ಲಿ ಆ್ಯಪ್ ಇದೆ. ಸಂಜೆ ಇಬ್ಬರೇ ಇರುವಾಗ ಒಲೆ ಮೇಲೆ ಎಣ್ಣೆ ಕಾದಿದ್ದರೆ ಇಪ್ಪತ್ತು ನಿಮಿಷ ಅವಳು ಒಂದು ಕಡೆ ಕೂರಬೇಕು. ಆ ಇಪ್ಪತ್ತು ನಿಮಿಷಕ್ಕೆ ಯಾವುದು ಅನ್ನುವುದೇ ನಿಜವಾದ ಪ್ರಶ್ನೆ.

ಮೂರು ಜಾತಿ ಇವೆ. ಉಚಿತ ಮತ್ತು ಜಾಹೀರಾತು ಇಲ್ಲದ್ದು, ಉಚಿತ ಆದರೆ ಜಾಹೀರಾತು ಇರುವಂಥದ್ದು, ಚಂದಾ ಕಟ್ಟುವಂಥದ್ದು. ಮೊದಲನೆಯದಕ್ಕೆ ಒಳ್ಳೆಯ ಉದಾಹರಣೆ ‘ಖಾನ್ ಅಕಾಡೆಮಿ ಕಿಡ್ಸ್’. ಎರಡರಿಂದ ಎಂಟು ವರ್ಷದವರಿಗೆ. ಜಾಹೀರಾತಿಲ್ಲ, ಚಂದಾ ಇಲ್ಲ, ಕೆಲವು ಪುಸ್ತಕ ಮತ್ತು ಆಟಗಳು ನೆಟ್ ಇಲ್ಲದೆಯೂ ನಡೆಯುತ್ತವೆ. ಆದರೆ ಕನ್ನಡ ಇಲ್ಲ, ಇಂಗ್ಲಿಷ್ ಮತ್ತು ಸ್ಪ್ಯಾನಿಷ್ ಮಾತ್ರ. ಎಣಿಕೆ, ಆಕಾರ, ವಿಂಗಡಣೆಗೆ ನನಗೆ ಇದು ಸಾಕೆನಿಸಿದೆ. ಕನ್ನಡಕ್ಕೆ ಅಂತ ಹುಡುಕಿದರೆ ಸಿಗುವುದು ಹೆಚ್ಚಾಗಿ ಎರಡನೇ ಜಾತಿ. ಮಗು ‘ಕ’ ಒತ್ತಲು ಹೋಗಿ ಯಾವುದೋ ಆಟದ ಜಾಹೀರಾತು ಒತ್ತುತ್ತದೆ.

ಹೊಸ ಆ್ಯಪನ್ನು ಮಗುವಿನ ಕೈಗೆ ಕೊಡುವ ಮೊದಲು ನಾನು ಹೀಗೆ ನೋಡುತ್ತೇನೆ. ಮೊದಲು ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ತೆರೆಯುತ್ತೇನೆ. ನೆಟ್ ಇಲ್ಲದೆ ನಡೆದರೆ ಅರ್ಧ ಗೆದ್ದ ಹಾಗೆ, ಜಾಹೀರಾತೂ ಬರುವುದಿಲ್ಲ. ಆಮೇಲೆ ಬೇಕೆಂದೇ ತಪ್ಪು ಉತ್ತರ ಒತ್ತುತ್ತೇನೆ. ಬರೀ ಟುಂಯ್ ಅಂದರೆ ಬೇಡ. ಸ್ವಲ್ಪ ಸುಲಭ ಮಾಡಿ ಮತ್ತೆ ಕೇಳಿದರೆ, ಯಾಕೆ ತಪ್ಪು ಅಂತ ತೋರಿಸಿದರೆ ಇರಲಿ. ಆಮೇಲೆ ಪ್ರಶ್ನೆ ನೋಡದೆಯೇ ನಾಲ್ಕೂ ಆಯ್ಕೆಗಳನ್ನು ಟಕಟಕ ಒತ್ತುತ್ತೇನೆ. ಹಾಗೆ ಒತ್ತಿದರೂ ನಕ್ಷತ್ರ ಸಿಕ್ಕರೆ, ಮಗು ಅದನ್ನು ಎರಡೇ ದಿನದಲ್ಲಿ ಕಂಡುಹಿಡಿಯುತ್ತದೆ ಅಂತ ಖಾತ್ರಿ. ಕನ್ನಡದ್ದಾದರೆ ‘ಎ’ ಮತ್ತು ‘ಏ’ ಒತ್ತಿ ಕೇಳಿ. ‘ಎಲೆ’ಯನ್ನು ‘ಏಲೆ’ ಅಂದರೆ ಆಗಲೇ ಅಳಿಸಿ. ಕೊನೆಯದಾಗಿ, ಆಟ ಮುಗಿದಾಗ ತಾನಾಗಿ ನಿಲ್ಲುತ್ತದೋ, ಇನ್ನೊಂದಕ್ಕೆ ಎಳೆದುಕೊಂಡು ಹೋಗುತ್ತದೋ ನೋಡಿ. ನಿಲ್ಲದ ಆ್ಯಪು ನಿಮ್ಮ ಮನೆಯಲ್ಲಿ ದಿನಾ ಸಂಜೆ ಜಗಳ ತರುತ್ತದೆ.

ಚಂದಾದ ಬಗ್ಗೆ ಒಂದು ಅನುಭವ. ಒಂದು ಕಂಪನಿಯವರು ಮನೆಗೇ ಬಂದು, ಮಗಳಿಗೆ ‘ಟೆಸ್ಟ್’ ಮಾಡಿ, “ನಿಮ್ಮ ಮಗು ಬ್ರಿಲಿಯಂಟ್, ಆದ್ರೆ ಫೌಂಡೇಶನ್ ವೀಕ್” ಅಂದರು. ಆಗ ಅವಳಿಗೆ ಮೂರೂವರೆ. ಏಳು ದಿನ ಉಚಿತ ಅಂತ ಕಾರ್ಡ್ ನಂಬರ್ ತೆಗೆದುಕೊಂಡರು. ಎಂಟನೇ ದಿನ ವರ್ಷದ ದುಡ್ಡು ಕಟ್ ಆಯಿತು. ವಾಪಸ್ ಪಡೆಯಲು ಎರಡು ತಿಂಗಳು ಫೋನ್ ಮಾಡಿದೆ, ಅರ್ಧ ಬಂತು. ಕೇಂದ್ರ ಶಿಕ್ಷಣ ಸಚಿವಾಲಯ 2021ರ ಡಿಸೆಂಬರ್‌ನಲ್ಲೇ ಇಂಥ ಕಂಪನಿಗಳ ಉಚಿತ ಆಮಿಷ, ತಾನಾಗಿ ದುಡ್ಡು ಕಡಿತ ಆಗುವ ವ್ಯವಸ್ಥೆ ಬಗ್ಗೆ ಪೋಷಕರಿಗೆ ಎಚ್ಚರಿಕೆ ಕೊಟ್ಟಿತ್ತು. ನಾನು ಓದಿದ್ದು ದುಡ್ಡು ಹೋದ ಮೇಲೆ. ನೆನಪಿಡಿ, ಆ್ಯಪ್ ಅಳಿಸಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರಿನ ಚಂದಾ ಪಟ್ಟಿಗೆ ಅಥವಾ ಯುಪಿಐ ಆ್ಯಪಿನ ಆಟೋಪೇಗೆ ಹೋಗಿ ಪ್ರತ್ಯೇಕವಾಗಿ ರದ್ದು ಮಾಡಬೇಕು.

ಫೋನೋ, ಟ್ಯಾಬೋ, ಟೀವಿಯೋ

ಈ ಮೂರರಲ್ಲಿ ನನ್ನ ಓಟು ಟೀವಿಗೆ. ಆಶ್ಚರ್ಯ ಆಗಬಹುದು. ಟೀವಿ ದೂರದಲ್ಲಿರುತ್ತದೆ, ಕತ್ತು ಬಗ್ಗಿಸಬೇಕಿಲ್ಲ, ರಿಮೋಟ್ ದೊಡ್ಡವರ ಕೈಯಲ್ಲಿ. ಮುಖ್ಯವಾಗಿ, ಕೋಣೆಯಲ್ಲಿರುವ ಎಲ್ಲರಿಗೂ ಕಾಣುತ್ತದೆ. ಮಾವನವರು ಪೇಪರ್ ಓದುತ್ತಾ “ಅದೇನದು, ಮುಂಗುಸಿನಾ?” ಅಂತ ಕೇಳುತ್ತಾರೆ. “ಅಲ್ಲ ತಾತ, ಮೀರ್‌ಕ್ಯಾಟ್” ಅನ್ನುತ್ತಾಳೆ. ಫೋನಿನಲ್ಲಿ ಈ ಮಾತು ಹುಟ್ಟುವುದೇ ಇಲ್ಲ. ಫೋನಿನಲ್ಲಿ ಮಗು ಒಂಟಿ.

ಯೂಟ್ಯೂಬ್ ಹಾಕಲೇಬೇಕಾದರೆ ಯೂಟ್ಯೂಬ್ ಕಿಡ್ಸ್ ಹಾಕಿ, ಅದರೊಳಗೆ ‘ನೀವು ಒಪ್ಪಿದ ವಿಡಿಯೊ ಮಾತ್ರ’ ಅನ್ನುವ ಸೆಟ್ಟಿಂಗ್ ಇದೆ, ಅದನ್ನು ಆರಿಸಿ. ಹುಡುಕಾಟ ಬಂದ್ ಆಗುತ್ತದೆ. ಟೈಮರೂ ಇದೆ. ಟ್ಯಾಬ್ ಕೊಡುವುದಾದರೆ ಆ್ಯಂಡ್ರಾಯ್ಡಿನಲ್ಲಿ ‘ಸ್ಕ್ರೀನ್ ಪಿನ್ನಿಂಗ್’, ಐಪ್ಯಾಡಿನಲ್ಲಿ ‘ಗೈಡೆಡ್ ಆ್ಯಕ್ಸೆಸ್’ ಹಾಕಿ, ಒಂದು ಆ್ಯಪಿನಿಂದ ಇನ್ನೊಂದಕ್ಕೆ ಜಿಗಿಯಲು ಆಗುವುದಿಲ್ಲ. ಊಟದ ಹೊತ್ತಿಗೆ ಯಾವುದೂ ಬೇಡ. ಇದನ್ನು ಸುಲಭವಾಗಿ ಬರೆದೆ, ಬಿಡಿಸಲು ನಮಗೆ ಮೂರು ವಾರ ಬೇಕಾಯಿತು. ಮೊದಲ ನಾಲ್ಕು ದಿನ ಅವಳು ತಿಂದದ್ದು ಬಾಳೆಹಣ್ಣು, ಮೊಸರನ್ನ ಮಾತ್ರ.

ಪ್ರಿ-ಸ್ಕೂಲ್: ಸ್ಮಾರ್ಟ್ ಬೋರ್ಡ್ ಇರುವ ಕಡೆಗೋ, ಮಣ್ಣು ಇರುವ ಕಡೆಗೋ

ನಾನು ಮೂರು ಕಡೆ ನೋಡಿ ಬಂದೆ. ಮೂರೂ ಕಡೆ ಒಂದೇ ಪ್ರಶ್ನೆ ಕೇಳಿದೆ. “ಮಳೆ ಬಂದು ಹೊರಗೆ ಹೋಗಕ್ಕೆ ಆಗದ ದಿನ ಮಕ್ಕಳು ಏನು ಮಾಡ್ತಾರೆ?” ಒಂದು ಕಡೆ, “ಸ್ಮಾರ್ಟ್ ಕ್ಲಾಸಲ್ಲಿ ರೈಮ್ಸ್ ಹಾಕ್ತೀವಿ ಮೇಡಂ” ಅಂದರು. ಇನ್ನೊಂದು ಕಡೆಯ ಟೀಚರ್ ನಕ್ಕು, “ದೋಣಿ ಮಾಡ್ತೀವಿ, ಯಾರ್ದು ಮುಳುಗತ್ತೆ ನೋಡ್ತೀವಿ” ಅಂದರು. ಸೇರಿಸಿದ್ದು ದೋಣಿಯ ಶಾಲೆಗೆ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯ ಪ್ರಕಾರ ಮೂರರಿಂದ ಎಂಟು ವರ್ಷ ಒಂದೇ ಬುನಾದಿ ಹಂತ, ಕಲಿಕೆ ಆಟದಿಂದಲೇ ಆಗಬೇಕು. ಆ ವಯಸ್ಸಿಗೆಂದು, ಶಾಲೆಗಳ ಪಠ್ಯಪುಸ್ತಕ ರೂಪಿಸುವ ಕೇಂದ್ರದ ಸಂಸ್ಥೆ ಎನ್‌ಸಿಇಆರ್‌ಟಿ 2023ರ ಫೆಬ್ರವರಿಯಲ್ಲಿ ತಂದ ‘ಜಾದೂಯಿ ಪಿಟಾರಾ’ ಅಂದರೆ ಒಂದು ಪೆಟ್ಟಿಗೆ. ಒಳಗೆ ಆಟಿಕೆ, ಪಜಲ್, ಬೊಂಬೆ, ಚಿತ್ರಕಾರ್ಡು, ಕಥೆಪುಸ್ತಕ. ಅದರ ಆ್ಯಪು ಬಂದದ್ದು ಮರುವರ್ಷ. ಸ್ವೀಡನ್ ದೇಶ ಒಂದು ಹೆಜ್ಜೆ ಮುಂದೆ ಹೋಗಿ ಹಿಂದಕ್ಕೆ ಬಂದಿದೆ. ಶಿಶುವಿಹಾರಗಳಲ್ಲಿ ಡಿಜಿಟಲ್ ಸಾಧನ ಕಡ್ಡಾಯ ಎಂಬ ನಿಯಮವನ್ನು ತೆಗೆಯುವುದಾಗಿ ಅಲ್ಲಿನ ಸರ್ಕಾರ 2023ರಲ್ಲಿ ಹೇಳಿತು, ಶಾಲೆಗಳಲ್ಲಿ ಅಚ್ಚಾದ ಪುಸ್ತಕಕ್ಕೆ ಮತ್ತೆ ಹಣ ಕೊಡತೊಡಗಿತು. ನಮ್ಮಲ್ಲಿ ಇನ್ನೂ ಬೋರ್ಡಿನ ಸೈಜು ನೋಡಿ ಫೀಸು ಕಟ್ಟುತ್ತೇವೆ.

ಕೇಳುವ ಕಥೆ

ಇದನ್ನು ಕೊನೆಗೆ ಇಟ್ಟೆ, ಯಾಕೆಂದರೆ ನನಗೆ ಅತಿ ಇಷ್ಟವಾದದ್ದು ಇದೇ. ಪರದೆ ಇಲ್ಲ, ಕೈ ಖಾಲಿ. ಕೇಳುತ್ತಾ ಮಗು ಚಿತ್ರ ಬರೆಯಬಹುದು, ಬ್ಲಾಕ್ ಜೋಡಿಸಬಹುದು. ಹೊರದೇಶದಲ್ಲಿ ಇದಕ್ಕೆಂದೇ ಪೆಟ್ಟಿಗೆಗಳು ಸಿಗುತ್ತವೆ. ಬ್ರಿಟನ್ನಿನ ‘ಯೋಟೊ’ಗೆ ಕಾರ್ಡ್ ತೂರಿಸಿದರೆ ಕಥೆ ಬರುತ್ತದೆ, ಜರ್ಮನಿಯ ‘ಟೋನಿಬಾಕ್ಸ್’ ಮೇಲೆ ಪುಟ್ಟ ಬೊಂಬೆ ಇಟ್ಟರೆ ಬರುತ್ತದೆ. ಎರಡಕ್ಕೂ ನೀವೇ ರೆಕಾರ್ಡ್ ಮಾಡಿದ ಧ್ವನಿ ತುಂಬಿಸುವ ಖಾಲಿ ಕಾರ್ಡು, ಖಾಲಿ ಬೊಂಬೆ ಇವೆ. ಅಲ್ಲಿರುವ ಕನ್ನಡದವರು ಅದನ್ನೇ ಕೊಳ್ಳಿ, ತಯಾರಾದ ಇಂಗ್ಲಿಷ್ ಕಥೆಗಳು ಲೈಬ್ರರಿಯಲ್ಲೂ ಸಿಗುತ್ತವೆ.

ನಮಗೆ ಅಷ್ಟು ಬೇಕಾಗಿಲ್ಲ. ಮೆಮೊರಿ ಕಾರ್ಡ್ ಹಾಕುವ ಒಂದು ಸಣ್ಣ ಸ್ಪೀಕರ್ ಸಾಕು. ಅಮ್ಮನಿಗೆ ವಾಟ್ಸ್ಯಾಪಿನಲ್ಲಿ ವಾಯ್ಸ್ ಮೆಸೇಜ್ ಕಳಿಸಲು ಹೇಳಿಕೊಟ್ಟೆ. ಬೆರಳು ಒತ್ತಿ ಹಿಡಿದೇ ಇರಬೇಕಿಲ್ಲ, ಮೇಲಕ್ಕೆ ಸರಿಸಿದರೆ ಲಾಕ್ ಆಗುತ್ತದೆ ಅಂತ ತಿಳಿದ ಮೇಲೆ ಅವಳನ್ನು ಹಿಡಿಯುವವರಿಲ್ಲ. ಕಾಗಕ್ಕ ಗುಬ್ಬಕ್ಕನ ಕಥೆ ಹದಿನಾಲ್ಕು ನಿಮಿಷ. ನಡುವೆ ಹಾಲಿನವನ ಜೊತೆ ಲೆಕ್ಕ, ಒಂದು ಕೆಮ್ಮು, ಗುಬ್ಬಕ್ಕ ಬಾಗಿಲು ತೆಗೆಯುವ ಹೊತ್ತಿಗೆ ಸರಿಯಾಗಿ ಕುಕ್ಕರ್ ಸೀಟಿ. ಅಳಿಸಿ ಇನ್ನೊಂದು ಕಳಿಸುತ್ತೇನೆ ಅಂದಳು. ಬೇಡ ಅಂದೆ.

ಮಗಳು ಅದನ್ನು ಎಷ್ಟು ಸಲ ಕೇಳಿದಳೋ ಲೆಕ್ಕ ಇಲ್ಲ. “ಈಗ ಕುಕ್ಕರ್ ಕೂಗತ್ತೆ, ಶ್!” ಅಂತ ನಮಗೆಲ್ಲ ಮೊದಲೇ ಹೇಳುತ್ತಿದ್ದಳು. ಮೊನ್ನೆ ಭಾನುವಾರ ಅಜ್ಜಿಗೆ ಫೋನ್ ಮಾಡಿದಾಗ ಕೇಳಿಯೇಬಿಟ್ಟಳು.

“ಅಜ್ಜಿ, ಗುಬ್ಬಕ್ಕನ ಮನೇಲಿ ಕುಕ್ಕರ್ ಯಾಕೆ ಮೂರೇ ಸಲ ಕೂಗಿದ್ದು?”

“ಅದು ಬೇಳೆ ಕಣೇ. ಬೇಳೆಗೆ ಮೂರು.”

“ಅನ್ನಕ್ಕೆ?”

“ನೀನೇ ಹೇಳು ನೋಡಣ. ನಿಮ್ಮಮ್ಮ ಎಷ್ಟು ಕೂಗಿಸ್ತಾಳೆ?”

ಅವಳು ಫೋನನ್ನು ಹಿಡಿದುಕೊಂಡೇ ಅಡುಗೆಮನೆಗೆ ಬಂದು, ಒಲೆ ಮುಂದೆ ಸ್ಟೂಲ್ ಎಳೆದುಕೊಂಡು ಕೂತಳು. ಅತ್ತ ಸಾಗರದಲ್ಲಿ ಅಜ್ಜಿ, ಇತ್ತ ಇವಳು, ನಮ್ಮ ಕುಕ್ಕರಿನ ಸೀಟಿ ಎಣಿಸುತ್ತಾ.